60 ದಿನದಲ್ಲಿ ಮಾರಲಾಗದ ಕಾರು

ಕಾರು ತಗೊಂಡೆ ಅಂತ ಅರಸೀಕೆರೆಗೆ ಫೋನ್ ಮಾಡಿದಾಗ ಅಮ್ಮನಿಗೆ ಖುಷಿಯೋ ಖುಷಿ. "ಯಾವ್ದೋ?" ಅಂದಳು. "ಲಿಂಕನ್ ಮಾರ್ಕ್ ಏಯ್ಟ್ ಅಂತ. 1995ರದ್ದು" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ್ದು ಇಷ್ಟು: "ಇಪ್ಪತ್ತಾರು ವರ್ಷದ ಕಾರ್ ತಗೊಳ್ಳಕ್ಕೆ ಅಮೆರಿಕಾ ತನಕ ಹೋಗ್ಬೇಕಿತ್ತಾ? ಇಲ್ಲೇ ಗುಜರಿ ಅಂಗಡೀಲಿ ಸಿಗ್ತಿತ್ತಲ್ಲೋ."

ಅಮ್ಮನದು ತಮಾಷೆ. ಇಲ್ಲಿನ ಗೆಳೆಯರದು ತಮಾಷೆ ಆಗಿರಲಿಲ್ಲ. ನಾನಿರುವುದು ಮಿಷಿಗನ್ ರಾಜ್ಯದ ನೋವೈ ಎಂಬ ಊರಿನಲ್ಲಿ, ಡೆಟ್ರಾಯ್ಟ್ ಪಕ್ಕ. ಸುತ್ತ ಬೇಕಾದಷ್ಟು ಕನ್ನಡದವರಿದ್ದಾರೆ. ನಮ್ಮಲ್ಲಿ ಬಹಳ ಮಂದಿ ಎಚ್-1ಬಿ ವೀಸಾದವರು. ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಿಕೊಳ್ಳಲು, ಇಲ್ಲವೇ ಗಂಟುಮೂಟೆ ಕಟ್ಟಲು ನಮಗಿರುವ ಗಡುವು ಹೆಚ್ಚೆಂದರೆ 60 ದಿನ. ಹಾಗಾಗಿ ನಮ್ಮ ನಡುವೆ ಬರೆಯದ ಒಂದು ಕಾನೂನಿದೆ: 60 ದಿನದಲ್ಲಿ ಮಾರಲಾಗದ್ದನ್ನು ಕೊಳ್ಳಬೇಡ.

ಅದಕ್ಕೇ ನಮ್ಮವರ ಮನೆ ಮುಂದೆ ನೋಡಿ: ಕ್ಯಾಮ್ರಿ, ಅಕಾರ್ಡ್, ಸಿಆರ್-ವಿ, ಮಕ್ಕಳಾದ ಮೇಲೆ ಒಡಿಸ್ಸಿ. ಎಲ್ಲವೂ ಒಳ್ಳೆಯ ಕಾರುಗಳೇ. ಆದರೆ ಕೊಳ್ಳುವಾಗ ನಾವು ಕೇಳುವ ಮೊದಲ ಪ್ರಶ್ನೆ "ಓಡಿಸಲು ಹೇಗಿದೆ?" ಅಲ್ಲ, "ರೀಸೇಲ್ ಹೇಗಿದೆ?" ಕೊಳ್ಳುವ ದಿನವೇ ಮಾರುವವನ ಕಣ್ಣಲ್ಲಿ ನೋಡುತ್ತೇವೆ. ನಾನೂ ಏಳು ವರ್ಷ ಹಾಗೇ ಬದುಕಿದವನು. ಮನೆಯಲ್ಲಿ ಬೆಳ್ಳಿ ಬಣ್ಣದ ಟೊಯೋಟಾ ಇತ್ತು. ಸೋಫಾ ಕೂಡ ಬಿಚ್ಚಿ ಜೋಡಿಸುವಂಥದ್ದು.

ಹಾಗಿದ್ದವನು ರೀಸೇಲೇ ಇಲ್ಲದ, ಎರಡೇ ಬಾಗಿಲಿನ ಹಳೇ ಕಾರಿಗೆ ಯಾಕೆ ಬಿದ್ದೆ? ಬಿದ್ದ ಮೇಲೆ ಏನಾಯಿತು? ಲೆಕ್ಕದ ಸಮೇತ ಹೇಳುತ್ತೇನೆ.

ಎರಡು ಬಾಗಿಲಿನ ದೊಡ್ಡಸ್ತಿಕೆ

ಮೊದಲು ಈ ಕಾರಿನ ಜಾತಕ. ಅಮೆರಿಕದಲ್ಲಿ ಒಂದು ಕಾಲಕ್ಕೆ ದುಬಾರಿ ಕಾರು ಅಂದರೆ ಎರಡು ಬಾಗಿಲಿನದ್ದೇ. ಉದ್ದನೆಯ ಬಾನೆಟ್, ಮುಂದೆ ಸೋಫಾದಂಥ ಎರಡು ಸೀಟು, ಹಿಂದೆ ಹೆಸರಿಗೊಂದು ಸೀಟು. "ನಾನು ಸಂಸಾರ ಹೊತ್ತು ತಿರುಗಬೇಕಿಲ್ಲ, ನನ್ನ ಖುಷಿಗೆ ಓಡಿಸ್ತೀನಿ" ಅನ್ನುವವರ ಕಾರು. ಲಿಂಕನ್‌ನಲ್ಲಿ ಇದರ ಕಥೆ 1939ರಷ್ಟು ಹಿಂದಕ್ಕೆ ಹೋಗುತ್ತದೆ. ಹೆನ್ರಿ ಫೋರ್ಡನ ಮಗ ಎಡ್ಸೆಲ್ ಫೋರ್ಡ್, ಫ್ಲೋರಿಡಾದಲ್ಲಿ ರಜೆ ಕಳೆಯಲೆಂದು ತನಗಾಗಿ ಒಂದು ಕಾರು ಮಾಡಿಸಿಕೊಂಡ. ನೋಡಿದವರೆಲ್ಲ ನಮಗೂ ಬೇಕು ಅಂದರು. ಅದೇ ಕಾಂಟಿನೆಂಟಲ್ ಆಯಿತು. 1956ರಲ್ಲಿ ಬಂದ ಮಾರ್ಕ್ ಟೂ ಬೆಲೆ ಸುಮಾರು 10,000 ಡಾಲರ್, ಆ ಕಾಲಕ್ಕೆ ಕಣ್ಣು ಕುಕ್ಕುವ ಮೊತ್ತ. 1977ರಿಂದ 79ರ ತನಕ ಬಂದ ಮಾರ್ಕ್ ಫೈವ್ ಅಂತೂ 19 ಅಡಿಗೂ ಉದ್ದ.

ಆ ಸಾಲಿನ ಕೊನೆಯ ಕುಡಿ ಮಾರ್ಕ್ ಏಯ್ಟ್. 1993ರಿಂದ 1998ರ ತನಕ ಬಂತು. 4.6 ಲೀಟರಿನ, ಎಂಟು ಸಿಲಿಂಡರಿನ, 32 ವಾಲ್ವಿನ ಅಲ್ಯೂಮಿನಿಯಂ ಎಂಜಿನ್, 280 ಅಶ್ವಶಕ್ತಿ. ನಾಲ್ಕು ಚಕ್ರಕ್ಕೂ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ. ಡಿಕ್ಕಿಯ ಮೇಲೆ ಸ್ಟೆಪ್ನಿ ಆಕಾರದ ಉಬ್ಬು. ಅದು ಎಡ್ಸೆಲ್‌ನ ಹಳೇ ಕಾರಿನ ನೆನಪು. ಹೊಸದಿದ್ದಾಗ ಬೆಲೆ 40,000 ಡಾಲರಿನ ಆಸುಪಾಸು.

ಆಮೇಲೆ ಕಾಲ ತಿರುಗಿತು. ಎರಡು ಬಾಗಿಲಿನ ಕಾರಿನ ಹಿಂದಿನ ಸೀಟಿಗೆ ಮಗುವಿನ ಸೀಟು ಕಟ್ಟಿ ನೋಡಿ, ಕಾಲ ಯಾಕೆ ತಿರುಗಿತು ಅಂತ ಸೊಂಟವೇ ಹೇಳುತ್ತದೆ. ದುಡ್ಡಿದ್ದವರು ಎತ್ತರದ ಎಸ್‌ಯುವಿ ಹತ್ತಿದರು. ಮಾರ್ಕ್ ಏಯ್ಟ್ ನಿಂತ ಅದೇ 1998ರ ಸಾಲಿನಲ್ಲಿ ಲಿಂಕನ್‌ನಿಂದ ನ್ಯಾವಿಗೇಟರ್ ಎಂಬ ದೈತ್ಯ ಬಂತು. ಬ್ಯೂಕ್ ರಿವಿಯೆರಾ 1999ಕ್ಕೆ ಮುಗಿಯಿತು, ಕ್ಯಾಡಿಲಾಕ್ ಎಲ್ಡೊರಾಡೊ 2002ಕ್ಕೆ. ಒಂದು ಇಡೀ ಜಾತಿಯೇ ರಸ್ತೆಯಿಂದ ಇಳಿಯಿತು. ಯಾರಿಗೂ ಬೇಡವಾದ್ದರಿಂದಲೇ ನನ್ನಂಥವನಿಗೆ ಎಟುಕುವ ಬೆಲೆಗೂ ಇಳಿಯಿತು.

ವಾಲ್ಡ್ ಲೇಕಿನ ಅಜ್ಜಿ

2021ರ ಅಕ್ಟೋಬರ್. ವಾಲ್ಡ್ ಲೇಕ್ ನಮ್ಮ ಪಕ್ಕದ ಊರು. ಜಾಹೀರಾತಿನಲ್ಲಿ ಎರಡೇ ಫೋಟೋ, ಬೆಲೆ 4,500. ಹೋಗಿ ನೋಡಿದರೆ ಕಡು ಹಸಿರು ಬಣ್ಣದ ಕಾರು, ಓಡಿದ್ದು 84,000 ಮೈಲಿ. ಮಾರುತ್ತಿದ್ದವರು ಎಂಬತ್ತರ ಹತ್ತಿರದ ಅಜ್ಜಿ. ಗಂಡ ಹಿಂದಿನ ವರ್ಷ ತೀರಿಹೋಗಿದ್ದರು.

ಹೋಗುವ ಮೊದಲು ಓದಿಕೊಂಡಿದ್ದೆ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ಕಾರನ್ನು ಕೆಳಗಿನಿಂದ ತಿನ್ನುತ್ತದೆ. ಹಾಗಾಗಿ ಬಣ್ಣ ನೋಡುವ ಮೊದಲು ಟಾರ್ಚ್ ಹಿಡಿದು ನೆಲಕ್ಕೆ ಮಲಗಿದೆ. ಬಾಗಿಲ ಕೆಳಗಿನ ಪಟ್ಟಿ, ತಳದ ತಗಡು, ಚಕ್ರದ ಒಳಮಗ್ಗುಲು ಗಟ್ಟಿಯಾಗಿದ್ದವು. ಬ್ರೇಕ್ ಎಣ್ಣೆ ಹೋಗುವ ಉಕ್ಕಿನ ಪೈಪುಗಳಿಗೆ ಮಾತ್ರ ತುಕ್ಕು ಹತ್ತಿತ್ತು. "ಚಳಿಗಾಲಕ್ಕೆ ಅವನ ಹತ್ರ ಬೇರೆ ಪಿಕಪ್ ಇತ್ತು. ಇದನ್ನ ಉಪ್ಪಿಗೆ ಇಳಿಸ್ತಿರಲಿಲ್ಲ" ಅಂದರು ಅಜ್ಜಿ.

ಆಮೇಲೆ ವಿಐಎನ್ ನೋಡಿದೆ. ಪ್ರತಿ ಕಾರಿಗೂ ಇರುವ 17 ಅಕ್ಷರ-ಅಂಕಿಗಳ ಸಂಖ್ಯೆ ಅದು. ಹತ್ತನೆಯದು ಯಾವ ವರ್ಷದ ಮಾದರಿ ಅಂತ ಹೇಳುತ್ತದೆ. ಎಸ್ ಅಂದರೆ 1995. ಹನ್ನೊಂದನೆಯದು ಯಾವ ಫ್ಯಾಕ್ಟರಿ ಅಂತ ಹೇಳುತ್ತದೆ. ಇದರಲ್ಲಿ ವೈ ಇತ್ತು. ವೈ ಅಂದರೆ ವಿಕ್ಸಮ್.

"ವಿಕ್ಸಮ್!" ಅಂತ ಗಟ್ಟಿಯಾಗಿಯೇ ಅಂದುಬಿಟ್ಟೆ. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. 1957ರಲ್ಲಿ ಶುರುವಾದ ಕಾರ್ಖಾನೆ, ಕೆನಡಿ ಕೊನೆಯ ದಿನ ಕೂತಿದ್ದ ಲಿಂಕನ್ ಕೂಡ ಮೂಲದಲ್ಲಿ ತಯಾರಾದದ್ದು ಅಲ್ಲೇ. 2007ರಲ್ಲಿ ಮುಚ್ಚಿದರು. ಈಗ ಕಟ್ಟಡವೂ ಇಲ್ಲ. ಐ-96 ಹೆದ್ದಾರಿಯಲ್ಲಿ ಆ ಜಾಗ ದಾಟಿಯೇ ನಾನು ಎಷ್ಟೋ ಸಲ ಹೋಗಿದ್ದೇನೆ, ಒಂದು ದಿನವೂ ಗಮನಿಸಿರಲಿಲ್ಲ.

ಅಜ್ಜಿ ನಕ್ಕರು. "ನನ್ನ ಗಂಡ ಅಲ್ಲೇ ಇದ್ದದ್ದು. ಸೀಟು ಕೂರಿಸೋ ಕೆಲಸ. ಈ ಕಾರಿನ ಸೀಟು ತಾನೇ ಕೂರಿಸಿದ್ದು ಅಂತಿದ್ದ. ನಿಜವೋ ಸುಳ್ಳೋ, ಅವನನ್ನೇ ಕೇಳ್ಬೇಕು."

ಓಡಿಸಿ ನೋಡಿದೆ. ಡ್ಯಾಶ್‌ಬೋರ್ಡು ಬಾಗಿಲಿನಿಂದ ಶುರುವಾಗಿ ಓಡಿಸುವವನನ್ನು ತೋಳಿನಲ್ಲಿ ಬಳಸಿಕೊಂಡಂತೆ ಬಾಗುತ್ತದೆ. ಹೆದ್ದಾರಿಯ ವೇಗಕ್ಕೆ ಬರುತ್ತಿದ್ದಂತೆ ಕಾರು ತಾನಾಗಿ ಒಂದಿಷ್ಟು ತಗ್ಗಿ ರಸ್ತೆಗೆ ಅಂಟಿಕೊಳ್ಳುತ್ತದೆ. ಎಂಜಿನ್ ಸದ್ದು ದೂರದಲ್ಲೆಲ್ಲೋ ಕೇಳುತ್ತದೆ. ಆ ಹತ್ತು ನಿಮಿಷ ನನಗೆ ರೀಸೇಲ್ ಎಂಬ ಪದವೇ ನೆನಪಾಗಲಿಲ್ಲ. ನಿಜ ಹೇಳಬೇಕೆಂದರೆ, ಅಲ್ಲಿಗೇ ನಾನು ಸೋತಿದ್ದೆ.

3,800ಕ್ಕೆ ಮಾತಾಯಿತು. ಶೇಕಡಾ 6 ತೆರಿಗೆ ಅಂತ ರಾಜ್ಯಕ್ಕೆ 228. ಬಾಗಿಲ ಮೇಲೆ ಐದು ಗುಂಡಿಗಳಿವೆ, ಕೀಲಿ ಇಲ್ಲದಿದ್ದರೂ ಐದು ಅಂಕಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಅಜ್ಜಿ ಆ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. "ಫ್ಯಾಕ್ಟರೀಲಿ ಅವನ ಬ್ಯಾಡ್ಜ್ ನಂಬರು. ಬೇಕಿದ್ರೆ ಬದಲಾಯಿಸ್ಕೋ" ಅಂದರು. ಕೊನೆಗೆ ಗ್ಲೋವ್ ಬಾಕ್ಸ್ ತೆಗೆದು ಮೂರು ಪುಟ್ಟ ನೋಟ್‌ಬುಕ್ ತೋರಿಸಿದರು. 1995ರಿಂದ ಹಾಕಿಸಿದ ಪ್ರತಿ ಪೆಟ್ರೋಲು, ಪ್ರತಿ ಆಯಿಲ್ ಚೇಂಜು: ತಾರೀಖು, ಮೈಲಿ, ಗ್ಯಾಲನ್, ಬೆಲೆ. ಒಂದೇ ಕೈಬರಹ.

"ಬರೀತೀಯಾ?" ಅಂದರು.

"ಬರೀತೀನಿ" ಅಂದೆ. ಕಾರು ಮಾರುವವರಿಗೆ ಎಲ್ಲರೂ ಏನಾದರೂ ಹೂಂ ಅನ್ನುತ್ತಾರಲ್ಲ, ಹಾಗೆ.

ಕುಕ್ಕರಗಾಲಿನಲ್ಲಿ ಕೂತ ಕಾರು

ಮೊದಲ ಚಳಿಗಾಲ ಗ್ಯಾರೇಜಿನಲ್ಲೇ ಇಟ್ಟೆ. ವಸಂತ ಬಂದಾಗ ಒಂದು ಬೆಳಗ್ಗೆ ನೋಡುತ್ತೇನೆ, ಕಾರಿನ ಹಿಂಭಾಗ ಪೂರ್ತಿ ನೆಲಕ್ಕೆ ಇಳಿದಿದೆ. ಸ್ಟಾರ್ಟ್ ಮಾಡಿದರೆ ಮುಂದೆಲ್ಲೋ ಕಂಪ್ರೆಸರ್ ಗುರ್ ಅಂದು, ಎರಡು ಮೂರು ನಿಮಿಷಕ್ಕೆ ಕಾರು ಮುದುಕ ಎದ್ದ ಹಾಗೆ ನಿಧಾನಕ್ಕೆ ಏಳುತ್ತದೆ. ಮಾರನೇ ಬೆಳಗ್ಗೆ ಮತ್ತೆ ಅದೇ. ಮೂರು ವರ್ಷದ ಮಗಳು ಅದಕ್ಕೆ "ಮಲಗೋ ಕಾರು" ಅಂತ ಹೆಸರಿಟ್ಟಳು.

ಇದು ಯಾರ ತಪ್ಪೂ ಅಲ್ಲ. ರಬ್ಬರಿಗೂ ವಯಸ್ಸಾಗುತ್ತದೆ. ಗಾಳಿಚೀಲದ ಮಡಿಕೆಯಲ್ಲಿ ಸಣ್ಣ ಬಿರುಕು ಬಿಟ್ಟು ರಾತ್ರಿಯಿಡೀ ಗಾಳಿ ಸೋರುತ್ತದೆ. ಗೊತ್ತಾಗದೆ ಒಂದು ಮೆಕ್ಯಾನಿಕ್ ಶಾಪಿಗೆ ಒಯ್ದೆ. ಅವರು "ಕಂಪ್ರೆಸರ್ ಹೋಗಿದೆ" ಅಂತ ಬದಲಾಯಿಸಿ 390 ಡಾಲರ್ ತಗೊಂಡರು. ಆರು ತಿಂಗಳಿಗೆ ಕಾರು ಮತ್ತೆ ಕುಕ್ಕರಗಾಲಿನಲ್ಲಿ ಕೂತಿತು. ಸೋರುವ ಕೊಡ ಹಾಗೇ ಬಿಟ್ಟು ನೀರು ಸೇದುವವನನ್ನು ಬದಲಾಯಿಸಿದ ಕಥೆ! ಚೀಲ ಸೋರುತ್ತಿದ್ದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಓಡಿ ಸುಟ್ಟುಹೋಗುತ್ತದೆ. ಕಂಪ್ರೆಸರ್ ಸಾಯುವುದು ರೋಗದ ಫಲ, ರೋಗವಲ್ಲ. ಎರಡನೇ ಸಲ ಹೋದಾಗ ಅದೇ ಶಾಪಿನವರು ಇಡೀ ಸಸ್ಪೆನ್ಷನ್ ಬದಲಾಯಿಸಲು 3,200 ಹೇಳಿದರು. ಕಾರಿನ ಬೆಲೆಗೆ 600 ಕಡಿಮೆ.

ಹಳೇ ಐಷಾರಾಮಿ ಕಾರಿನ ಮೊದಲ ಪಾಠ ನನಗೆ ಸಿಕ್ಕಿದ್ದು ಅಲ್ಲಿ. ಕಾರಿನ ಬೆಲೆ ಇಳಿಯುತ್ತದೆ, ಅದನ್ನು ಸಾಕುವ ಬೆಲೆ ಇಳಿಯುವುದಿಲ್ಲ. ನಾನು ಕೊಟ್ಟಿದ್ದು 3,800. ಬಿಲ್ಲು ಬರುವುದು 40,000 ಡಾಲರಿನ ಕಾರಿನ ಲೆಕ್ಕದಲ್ಲಿ.

ಇಷ್ಟರ ನಡುವೆ ಬ್ರೇಕ್ ಪೈಪಿಗೆ 480 ಆಗಿತ್ತು. ಅದರಲ್ಲಿ ನಾನು ಚೌಕಾಸಿ ಮಾಡಲಿಲ್ಲ, ನೀವೂ ಮಾಡಬೇಡಿ. ಟೈರಿಗೆ 640. ನೋಡಲು ಹೊಸದರಂತಿದ್ದರೂ ಹತ್ತು ವರ್ಷ ದಾಟಿದ್ದವು. ಬ್ಯಾಟರಿ 180. ಸ್ಪಾರ್ಕ್ ಪ್ಲಗ್ಗು, ವೈರು 140. ಕಾಫಿಯ ಡ್ರೈವ್-ಥ್ರೂನಲ್ಲಿ ಇಳಿದ ಕಿಟಕಿ ಮತ್ತೆ ಏರದೆ ಹೋಗಿ, ನವೆಂಬರಿನ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಮನೆಗೆ ಬಂದದ್ದೂ ಆಯಿತು. ಅದಕ್ಕೆ ಮೋಟರ್, ಚಿಲ್ಲರೆ ಸಾಮಾನು ಸೇರಿ 150.

ನನ್ನಾಕೆ ಒಂದು ದಿನ ಕೇಳಿದಳು, "ಇದು ಕಾರೋ, ಆನೆಯೋ?"

ಜನವರಿಯ ಇಮೇಲ್

2023ರ ಜನವರಿಯಲ್ಲಿ ನನ್ನ ಕೆಲಸ ಹೋಯಿತು. ಆ ತಿಂಗಳು ಎಷ್ಟು ಜನರಿಗೆ ಹೋಯಿತು ಅಂತ ಓದುಗರಿಗೆ ಗೊತ್ತಿದೆ. ಬೆಳಗ್ಗೆ ಇಮೇಲ್, ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ಲಾಕ್. ನನ್ನಾಕೆಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ 60ನೇ ದಿನಕ್ಕೆ ಕೆಂಪು ಸುತ್ತು ಹಾಕಿದೆವು. ಊರಿಗೆ ಫೋನ್ ಮಾಡಿದಾಗ "ಎಲ್ಲಾ ಚೆನ್ನಾಗಿದೆ" ಅಂದೆವು.

ಮೊದಲ ವಾರವೇ ಮಾರುವ ಪಟ್ಟಿ ಮಾಡಿದೆವು. ಟೊಯೋಟಾಕ್ಕೆ ಆನ್‌ಲೈನ್‌ನಲ್ಲಿ ಎರಡು ನಿಮಿಷಕ್ಕೆ ಬೆಲೆ ಬಂತು, ಒಳ್ಳೆಯ ಬೆಲೆಯೇ. ಲಿಂಕನ್ನಿನ ನಂಬರ್ ಹಾಕಿದರೆ 350 ಡಾಲರ್ ಅಂತ ಬಂತು. ಗೆಳೆಯರು ಏನೂ ಹೇಳಲಿಲ್ಲ. ಹೇಳದಿದ್ದದ್ದೇ ಹೆಚ್ಚು ಚುಚ್ಚಿತು.

ನಿಂತ ಕಾರಿಗೆ ಒಂದು ಬೆಲೆ, ಕೂತ ಕಾರಿಗೆ ಇನ್ನೊಂದು. ಮಾರಬೇಕೆಂದರೂ ಮೊದಲು ಅದನ್ನು ಎಬ್ಬಿಸಬೇಕು. ಬೆಳಗ್ಗೆ ಅರ್ಜಿ ಹಾಕುವುದು, ಮಧ್ಯಾಹ್ನ ಇಂಟರ್‌ವ್ಯೂ ಇಲ್ಲದಿದ್ದರೆ ಗ್ಯಾರೇಜಿಗೆ ಇಳಿಯುವುದು ಶುರುವಾಯಿತು. ಸ್ಪ್ರೇ ಬಾಟಲಿಯಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರು ತುಂಬಿ ಗಾಳಿಚೀಲಗಳ ಮೇಲೆ ಹೊಡೆದೆ. ಹಿಂದಿನ ಎರಡರಲ್ಲೂ ಗುಳ್ಳೆ ಎದ್ದವು. ಅರಸೀಕೆರೆಯ ಸೈಕಲ್ ಶಾಪಿನಲ್ಲಿ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದರಲ್ಲ, ಅದೇ ವಿದ್ಯೆ. 390 ಕೊಟ್ಟಾಗ ಇದು ಹೊಳೆದಿರಲಿಲ್ಲ.

ಹಿಂದಿನ ಜೋಡಿ ಚೀಲಕ್ಕೆ 230. ಮುಂದಿನ ಒಂದರಲ್ಲೂ ಸಣ್ಣ ಗುಳ್ಳೆ ಇತ್ತು. ಆದರೆ ಮುಂದಿನವು ಶಾಕ್ ಅಬ್ಸಾರ್ಬರ್ ಜತೆ ಒಂದಾಗಿರುವುದರಿಂದ ಜೋಡಿಗೆ 560. "ಸಂಬಳ ಇಲ್ಲದ ತಿಂಗಳಲ್ಲಿ ಇನ್ನೂರ ಮೂವತ್ತೇ ಜಾಸ್ತಿ ಆಯ್ತು" ಅಂದಳು ನನ್ನಾಕೆ. ಸರಿಯಾದ ಮಾತು. ಮುಂದಿನದ್ದು ಬಿಟ್ಟೆ.

ಈ ಕಾರನ್ನು ಜಾಕ್ ಹಾಕಿ ಎತ್ತುವ ಮೊದಲು ಡಿಕ್ಕಿಯಲ್ಲಿರುವ ಒಂದು ಸ್ವಿಚ್ ಆರಿಸಬೇಕು. ಇಲ್ಲದಿದ್ದರೆ ಎತ್ತರ ಬದಲಾಯಿತು ಅಂದುಕೊಂಡು ಕಾರು ತಾನೇ ಗಾಳಿ ಬಿಡಲು, ತುಂಬಲು ಹೋಗುತ್ತದೆ. ಸ್ವಿಚ್ ಆರಿಸಿ, ಎತ್ತಿ, ಸ್ಟ್ಯಾಂಡ್ ಕೊಟ್ಟು ಕೆಳಗೆ ತೂರಿದೆ. ಎರಡು ಚೀಲಕ್ಕೆ ಎರಡು ದಿನ. ಬೆರಳು ಮರಗಟ್ಟುವ ಚಳಿ. ಆದರೆ ಆ ಎರಡು ದಿನ ಮಾತ್ರ ನಾನು ಫೋನ್ ನೋಡದೆ ಇದ್ದೆ.

ಮಾರುವವರಿಗೆ ತೋರಿಸಲೆಂದು ಆ ನೋಟ್‌ಬುಕ್‌ಗಳನ್ನು ಹೊರತೆಗೆದದ್ದೂ ಆಗಲೇ. ತಿರುವುತ್ತಾ 2007ಕ್ಕೆ ಬಂದೆ. ಮೇ ಕೊನೆಗೆ ಕಾರ್ಖಾನೆ ಮುಚ್ಚಿತ್ತು. ಅಲ್ಲಿ ಏನಾದರೂ ಬರೆದಿರಬಹುದು ಅಂದುಕೊಂಡೆ. ಜೂನ್ 2ಕ್ಕೆ ಆಯಿಲ್ ಚೇಂಜು, ಫಿಲ್ಟರು, ಮೈಲಿ. ಅಷ್ಟೇ. ಆದರೆ ಅದಕ್ಕೆ ಮೊದಲು ಹತ್ತು-ಹನ್ನೆರಡು ದಿನಕ್ಕೊಮ್ಮೆ ಇದ್ದ ಪೆಟ್ರೋಲಿನ ತಾರೀಖು, ಆಮೇಲೆ ತಿಂಗಳಿಗೊಂದಾಗಿತ್ತು. ಕೆಲಸ ಹೋದದ್ದನ್ನು ಆ ಮನುಷ್ಯ ಎಲ್ಲೂ ಬರೆದಿಲ್ಲ. ಎರಡು ತಾರೀಖುಗಳ ನಡುವಿನ ಜಾಗದಲ್ಲಿ ಅದು ಇದೆ. ಆಯಿಲ್ ಮಾತ್ರ ಸರಿಯಾದ ಹೊತ್ತಿಗೆ ಬದಲಾಗಿದೆ.

ಗ್ಯಾರೇಜಿನ ಮೆಟ್ಟಿಲ ಮೇಲೆ ತುಂಬಾ ಹೊತ್ತು ಕೂತಿದ್ದೆ.

ಮಾರ್ಚ್ ಮೊದಲ ವಾರ ಒಬ್ಬ ಹುಡುಗ ಬಂದ. ಬಾನೆಟ್ ತೆಗೆಸಿ, ಎಂಜಿನ್ ಸದ್ದು ಕೇಳಿ, ಸೀಟಿನ ಮೇಲೆ ಕೂರಲೂ ಇಲ್ಲ. "ಒಂದೂವರೆ ಸಾವಿರ ಕೊಡ್ತೀನಿ. ಎಂಜಿನ್ ಕಿತ್ತು ನನ್ನ ಮಸ್ಟಾಂಗಿಗೆ ಹಾಕ್ತೀನಿ. ಬಾಡಿ ಗುಜರಿಗೆ" ಅಂದ. ಈ ಎಂಜಿನ್ನಿನ ಹತ್ತಿರದ ಸಂಬಂಧಿ 1996ರ ಮಸ್ಟಾಂಗ್ ಕೋಬ್ರಾದಲ್ಲೂ ಇತ್ತು, ಹಾಗಾಗಿ ಅದಕ್ಕೆ ಗಿರಾಕಿ ಇದ್ದಾರೆ. ಕಾರಿಗಿಲ್ಲ.

ಅವತ್ತು ಸಂಜೆ ಅಜ್ಜಿಗೆ ಫೋನ್ ಮಾಡಿದೆ. ಅವರಿಗೇನಾದರೂ ವಾಪಸ್ ಬೇಕಾ ಅಂತ ಕೇಳುವ ನೆಪ. ಮಾರಲು ಅನುಮತಿ ಕೇಳಿದೆ ಅನ್ನುವುದೇ ನಿಜ. ಅವರು ಒಂದು ಕ್ಷಣವೂ ತಡೆಯಲಿಲ್ಲ. "ಅದು ಕಾರು ಕಣಪ್ಪ. ಮೊದಲು ನಿನ್ನ ಮನೆ ನೋಡ್ಕೋ. ಎಂಬತ್ತೆರಡರಲ್ಲಿ ಲೇಆಫ್ ಆದಾಗ ಅವನು ದೋಣಿ ಮಾರಿದ. ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಸರಿಹೋದ."

ಮಾರೋಣ ಅಂತ ನಿರ್ಧರಿಸಿದೆ. ತಡೆದವಳು ಇಷ್ಟೂ ದಿನ ಬೈಯುತ್ತಿದ್ದ ನನ್ನಾಕೆ. ಪ್ರೀತಿಯಿಂದಲ್ಲ, ಲೆಕ್ಕದಿಂದ. "ಒಂದೂವರೆ ಸಾವಿರ ಒಂದು ತಿಂಗಳ ಬಾಡಿಗೆಗೂ ಸಾಲಲ್ಲ. ಈಗ ಕೊಟ್ರೂ ಅದೇ, ಕೊನೇ ವಾರ ಕೊಟ್ರೂ ಅದೇ. ಆ ಹುಡುಗ ಎಲ್ಲಿ ಹೋಗ್ತಾನೆ? ನೀನು ಮಧ್ಯಾಹ್ನ ಅಲ್ಲಿ ಕೆಳಗಿದ್ದ ದಿನ ರಾತ್ರಿ ನಿದ್ದೆ ಮಾಡ್ತೀಯ. ಅದಕ್ಕಾದ್ರೂ ಇರ್ಲಿ."

52ನೇ ದಿನ ಹೊಸ ಕಂಪನಿಯವರು ನನ್ನ ವೀಸಾ ಅರ್ಜಿ ಸಲ್ಲಿಸಿದರು. ಆ ಹುಡುಗನಿಗೆ ಫೋನ್ ಮಾಡಿ ಇಲ್ಲಪ್ಪಾ ಅಂದೆ. ಮೊದಲ ಸಂಬಳದಲ್ಲಿ ಮುಂದಿನ ಜೋಡಿ ತರಿಸಿದೆ. ಮಲಗೋ ಕಾರು ಮಲಗುವುದನ್ನು ನಿಲ್ಲಿಸಿತು. ಮಗಳಿಗೆ ಸ್ವಲ್ಪ ಬೇಜಾರಾಯಿತು.

ಲೆಕ್ಕ, ಮತ್ತು ಕೇಳಿದವರಿಗೆ ನಾಲ್ಕು ಮಾತು

ರಿಪೇರಿ, ಟೈರು, ಬ್ಯಾಟರಿ ಎಲ್ಲಾ ಸೇರಿ ಎರಡು ವರ್ಷದಲ್ಲಿ 2,770 ಡಾಲರ್. ಕೊಂಡದ್ದು, ತೆರಿಗೆ ಸೇರಿಸಿದರೆ 6,798. ಊರೊಳಗೆ ಗ್ಯಾಲನ್ನಿಗೆ 16-17 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ 7 ಕಿಲೋಮೀಟರ್. ಹೆದ್ದಾರಿಯಲ್ಲಿ 10. ಇವತ್ತು ಮಾರಿದರೆ ಹಾಕಿದ್ದರ ಅರ್ಧವೂ ಬರುವುದಿಲ್ಲ. ಇದನ್ನು ಮುಚ್ಚಿಟ್ಟು "ಪ್ಯಾಷನ್" ಅಂತ ಬರೆದರೆ ನಿಮಗೆ ಮೋಸ ಮಾಡಿದ ಹಾಗೆ.

ನೀವು ಎಲ್ಲೇ ಇರಿ, ಇಂಥ ಹಳೇ ದೊಡ್ಡ ಕಾರಿನ ಮೇಲೆ ಮನಸ್ಸಾದರೆ ಇಷ್ಟು ನೆನಪಿಡಿ.

ಒಂದು, ಅದು ಮನೆಯ ಎರಡನೇ ಕಾರಾಗಿರಲಿ. ಮಗುವಿಗೆ ರಾತ್ರಿ ಜ್ವರ ಬಂದಾಗ ನಂಬಿಕೊಳ್ಳಲು ಟೊಯೋಟಾ ಬೇಕು.

ಎರಡು, ಕೊಂಡ ಬೆಲೆಯ ಮುಕ್ಕಾಲು ಭಾಗದಷ್ಟು ದುಡ್ಡು ಬೇರೆ ಇಟ್ಟುಕೊಂಡು ಕೊಳ್ಳಿ. ನನ್ನದು ಹೆಚ್ಚುಕಡಿಮೆ ಅಷ್ಟೇ ಆಯಿತು. ಸಾಲ ಮಾಡಿ ಬೇಡವೇ ಬೇಡ.

ಮೂರು, ಅದರ ಬಂಧುಬಳಗ ಯಾರು ಅಂತ ಮೊದಲು ಹುಡುಕಿ. ಮಾರ್ಕ್ ಏಯ್ಟ್‌ನ ತಳಪಾಯ ಆ ಕಾಲದ ಫೋರ್ಡ್ ಥಂಡರ್‌ಬರ್ಡ್, ಮರ್ಕ್ಯುರಿ ಕೂಗರ್ ಬಳಗದ್ದು. ಬಂಧುಗಳು ಹೆಚ್ಚಿದ್ದಷ್ಟೂ ಬಿಡಿಭಾಗ ಸುಲಭ. ಅದಕ್ಕೆ ಮಾತ್ರ ಮೀಸಲಾದ ದೀಪ, ಎಲೆಕ್ಟ್ರಾನಿಕ್ಸ್ ಹಾಳಾಗಿದ್ದರೆ ಕೈಮುಗಿದು ಬನ್ನಿ.

ನಾಲ್ಕು, ಎಂಜಿನ್ನಿಗಿಂತ ಮೊದಲು ತುಕ್ಕು ನೋಡಿ, ತುಕ್ಕಿಗಿಂತ ಮೊದಲು ಮಾರುವವರನ್ನು ನೋಡಿ. ಲೆಕ್ಕ ಬರೆದಿಟ್ಟ ಮನೆಯ ಕಾರು ಮೇಲು.

60 ದಿನದ ಕಾನೂನು ತಪ್ಪು ಅಂತ ನಾನು ಈಗಲೂ ಹೇಳುವುದಿಲ್ಲ. ಆ ಕೆಂಪು ಸುತ್ತು ನೋಡಿದವನು ಹಾಗೆ ಹೇಳಲಾರ. ಆದರೆ ಮನೆಯಲ್ಲಿರುವ ಪ್ರತಿ ವಸ್ತುವೂ ಮಾರಲು ತಯಾರಾಗಿ ನಿಂತಿದ್ದರೆ ಅದು ಮನೆ ಅನ್ನಿಸುವುದಿಲ್ಲ, ರೈಲ್ವೆ ಸ್ಟೇಷನ್ನಿನ ವೇಟಿಂಗ್ ರೂಮ್ ಅನ್ನಿಸುತ್ತದೆ. ಏಳು ವರ್ಷ ನಾನು ಅಲ್ಲಿ ಕೂತಿದ್ದೆ. ಒಂದೇ ಒಂದು ವಸ್ತು ನನ್ನದು ಅಂತ ಇರಲಿ, ಅದರ ಬೆಲೆ ಕಳೆದುಕೊಳ್ಳಲು ನಾನು ತಯಾರಿರಲಿ ಅನ್ನಿಸಿತು. ಅದಕ್ಕೆ ನನಗೆ ಬಿದ್ದ ಖರ್ಚು ಮೇಲಿದೆ.

ಆಗಸ್ಟಿನ ಮೂರನೇ ಶನಿವಾರ ಡೆಟ್ರಾಯ್ಟ್ ಬಳಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ನಡೆಯುತ್ತದೆ. ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೇ ಕಾರುಗಳ ಮೆರವಣಿಗೆ. 1995ರಿಂದ, ಅಂದರೆ ನನ್ನ ಕಾರಿನಷ್ಟೇ ವಯಸ್ಸಿನ ಜಾತ್ರೆ. ಆ ವರ್ಷ ಅಜ್ಜಿಯನ್ನು ಕರೆದುಕೊಂಡು ಹೋದೆ. ನನ್ನಾಕೆ, ಮಗಳು ಹಿಂದೆ ಇರುಕಿಕೊಂಡರು. ಅಜ್ಜಿ ಹತ್ತಿದವರೇ ಸೀಟಿನ ಪಕ್ಕದ ಗುಂಡಿಗೆ ನೋಡದೆಯೇ ಕೈ ಹಾಕಿ ತಮಗೆ ಬೇಕಾದ ಹಾಗೆ ಮುಂದೆ ಸರಿಸಿಕೊಂಡರು. ಆಮೇಲೆ ಗ್ಲೋವ್ ಬಾಕ್ಸ್ ತೆಗೆದರು. ಹಳೆಯ ಮೂರರ ಮೇಲೆ ನಾಲ್ಕನೆಯದಿತ್ತು.

ಒಂದೊಂದೇ ಪುಟ ತಿರುವಿದರು. ಬರೆದದ್ದೆಲ್ಲ ಕನ್ನಡದಲ್ಲಿತ್ತು: ಆಯಿಲ್, ಗಾಳಿಚೀಲ, ಬ್ರೇಕ್ ಪೈಪು.

"ಒಂದಕ್ಷರ ಓದಕ್ಕೆ ಬರಲ್ಲ" ಅಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಆದ್ರೆ ನಂಬರ್ ಗೊತ್ತಾಗತ್ತೆ. ಮಾರ್ಚಲ್ಲಿ ಆಯಿಲ್ ಎರಡು ವಾರ ಲೇಟ್ ಮಾಡಿದ್ದೀಯ" ಅಂದರು.